ಆಯಿಯ ಎರಡು ಸ್ನಾನ

ಸಭೆಯ ಹಳೆಯ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ನಮ್ಮ ಆಯಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಾಳೆ. ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ತಂದೆಯ ಹೆಸರು, ತಾಯಿಯ ಹೆಸರು, ಊರು, ಕೊನೆಗೆ ಪಾದ್ರಿಯ ಸಹಿ. ಎರಡು ದಿನಾಂಕಗಳ ನಡುವೆ ಇರುವುದು ಮೂರು ವಾರ. ಮಸಿ ಕಂದು ಬಣ್ಣಕ್ಕೆ ತಿರುಗಿದೆ, ಅಕ್ಷರ ಮಾತ್ರ ಈಗಲೂ ದುಂಡಗಿದೆ.

ಆಯಿಯ ಎರಡನೆಯ ಸ್ನಾನ ಯಾವ ರಿಜಿಸ್ಟರಿನಲ್ಲೂ ಇಲ್ಲ. ಅದಿರುವುದು ಅವಳ ಬೈಬಲಿನ ಹಿಂದಿನ ಖಾಲಿ ಹಾಳೆಯಲ್ಲಿ, ಪೆನ್ಸಿಲಿನಲ್ಲಿ. ಒಂದು ದಿನಾಂಕ, ‘ತುಂಗಭದ್ರಾ, ಮುಂಜಾನೆ’ ಎಂಬ ಎರಡು ಪದ. ಆಗ ಅವಳಿಗೆ ಐವತ್ತೆಂಟು ವರ್ಷ. ನಾನು ದಂಡೆಯ ಮೇಲೆ ಅವಳ ಒಣ ಸೀರೆ ಹಿಡಿದು ನಿಂತಿದ್ದ ಹತ್ತು ವರ್ಷದ ಹುಡುಗ. ಸೊಂಟದ ಮಟ ನೀರಿನಲ್ಲಿ ಇಬ್ಬರು ಬೋಧಕರು ಅವಳನ್ನು ಹಿಂದಕ್ಕೆ ಬಾಗಿಸಿ ಪೂರ್ತಿ ಮುಳುಗಿಸಿ ಎತ್ತಿದರು. ಅವಳು ಮೇಲೆ ಬಂದಾಗ ನರೆಗೂದಲು ಮುಖಕ್ಕೆ ಅಂಟಿಕೊಂಡಿತ್ತು.

ಮನೆಯಲ್ಲಿ ದೊಡ್ಡ ರಂಪವಾಯಿತು. ಒಮ್ಮೆ ಆದದ್ದನ್ನು ಇನ್ನೊಮ್ಮೆ ಮಾಡಿಸಿಕೊಂಡರೆ ಮೊದಲಿನದು ಸುಳ್ಳೇ ಎಂದು ಅಜ್ಜ ಕೇಳಿದ. ಸಭೆಯ ಹಿರಿಯರು ಎರಡು ವರ್ಷ ಆಯಿಯನ್ನು ಮಾತಾಡಿಸಲಿಲ್ಲ. ಹಣೆಗೆ ಮೂರು ಸಲ ನೀರು ಹಚ್ಚಿದರೆ ದೇವರಿಗೆ ಸಾಲದೇ, ಕೆರೆ ಹೊಳೆಯೇ ಬೇಕೇ ಎಂದು ನೆಂಟರು ಕೇಳಿದರು. ಆಯಿಯ ಕಡೆಯವರು ಅಪೊಸ್ತಲರ ಕೃತ್ಯಗಳನ್ನು ತೆರೆದು, ಫಿಲಿಪ್ಪನೂ ಕಂಚುಕಿಯೂ ನೀರಿನೊಳಕ್ಕೆ ಇಳಿದರೆಂದು ಬರೆದಿದೆಯಲ್ಲ ಎಂದು ಬೆರಳಿಟ್ಟು ತೋರಿಸಿದರು. ಎಲ್ಲರ ಮಾತೂ ನೀರಿನ ಸುತ್ತಲೇ ತಿರುಗಿತು. ಎಷ್ಟು ನೀರು, ಎಲ್ಲಿಯ ನೀರು, ಹಣೆಯೋ ಮೈಯೋ.

ಆ ಜಗಳ ತೀರಿಸಬೇಕೆಂದೇ ನಾನು ಈ ಹುಡುಕಾಟಕ್ಕೆ ಇಳಿದದ್ದು. ತೀರಿಸಬಹುದಾದ ಜಗಳ ಎಂದು ಆಗ ನಂಬಿದ್ದೆ.

ಮೊದಲು ಹೋದದ್ದು ಗ್ರೀಕ್ ನಿಘಂಟಿಗೆ. ಹೊಸ ಒಡಂಬಡಿಕೆಯ ಮೂಲದಲ್ಲಿರುವ ಕ್ರಿಯಾಪದ ‘ಬಾಪ್ಟಿಜೋ’. ಅದ್ದು, ಮುಳುಗಿಸು ಎಂಬುದು ಅದರ ಹಳೆಯ, ನೇರವಾದ ಅರ್ಥ. ಹಡಗು ಮುಳುಗಿದ್ದಕ್ಕೂ ಗ್ರೀಕರು ಇದೇ ಮಾತು ಬಳಸಿದ್ದಾರೆ. ಯೇಸುವಿಗಿಂತ ಹಿಂದೆಯೇ ಯೆಹೂದ್ಯರು ಮಾಡಿಕೊಂಡಿದ್ದ ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ, ಕುಷ್ಠರೋಗಿ ನಾಮಾನನು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿದ ಕಡೆ ಇರುವುದೂ ಇದೇ ಪದ. ಯೋಹಾನನ ಸುವಾರ್ತೆ, ಸ್ನಾನಿಕನಾದ ಯೋಹಾನನು ಸಲೀಮಿನ ಹತ್ತಿರದ ಐನೋನಿನಲ್ಲಿ ದೀಕ್ಷಾಸ್ನಾನ ಮಾಡಿಸುತ್ತಿದ್ದುದಕ್ಕೆ ಅಲ್ಲಿ ನೀರು ಬಹಳವಿತ್ತೆಂಬ ಕಾರಣವನ್ನೇ ಕೊಡುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಪೌಲನು ದೀಕ್ಷಾಸ್ನಾನವನ್ನು ಹೂಣಿಡುವಿಕೆಗೆ ಹೋಲಿಸುತ್ತಾನೆ. ಸತ್ತವನನ್ನು ಹೂಳುವಾಗ ಹಣೆಯ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಿಡುವುದಿಲ್ಲವಲ್ಲ ಎಂದು ಮುಳುಗಿಸುವ ಪಂಥದವರಾದ ಬ್ಯಾಪ್ಟಿಸ್ಟರು ಕೇಳುತ್ತಾರೆ. ಆಯಿಯ ಪಕ್ಷ ಗೆದ್ದಿತೆಂದು ನಾನು ಪುಸ್ತಕ ಮುಚ್ಚುವುದರಲ್ಲಿದ್ದೆ.

ಆದರೆ ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯ ಎದುರಾಯಿತು. ಫರಿಸಾಯರು ಪಾತ್ರೆಪಗಡಗಳನ್ನು ತೊಳೆಯುವ ಆಚಾರದ ವಿಷಯ ಅಲ್ಲಿದೆ, ಮೂಲದಲ್ಲಿ ಇದೇ ಪದದ ನಾಮರೂಪವಿದೆ. ಲೂಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸು ಊಟಕ್ಕೆ ಮುಂಚೆ ಹೀಗೆ ಮಾಡಿಕೊಳ್ಳಲಿಲ್ಲವೆಂದು ಫರಿಸಾಯನು ಆಶ್ಚರ್ಯಪಟ್ಟಾಗಲೂ ಅದೇ ಕ್ರಿಯಾಪದ. ಊಟಕ್ಕೆ ಕೂರುವ ಮೊದಲು ಯಾರೂ ಹೊಳೆಗೆ ಇಳಿಯುವುದಿಲ್ಲ ಎಂದು ಎದುರು ಪಕ್ಷ ಹೇಳಿದರೆ ಆ ಮಾತಿಗೂ ತೂಕವಿದೆ. ಇನ್ನು ‘ದಿದಖೆ’ ಎಂಬ ಕಿರುಪುಸ್ತಕ. ಆದಿ ಸಭೆಯ ನಡಾವಳಿ ಹೇಳುವ ಇದು ಶತಮಾನಗಳ ಕಾಲ ಕಣ್ಮರೆಯಾಗಿತ್ತು. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಹಸ್ತಪ್ರತಿಯೊಂದರಲ್ಲಿ ಬ್ರಿಯೆನ್ನಿಯೋಸ್ ಎಂಬ ವಿದ್ವಾಂಸರ ಕಣ್ಣಿಗೆ ಬಿದ್ದು 1883ರಲ್ಲಿ ಅಚ್ಚಾಯಿತು. ಅದರ 7ನೆಯ ಅಧ್ಯಾಯದ ಪ್ರಕಾರ ಹರಿಯುವ ನೀರು ಉತ್ತಮ. ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು. ಯಾವುದೂ ಸಾಕಷ್ಟು ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರೂ ಆದೀತು. ಆ ಪುಟ ಓದಿದಾಗ ನನಗೆ ಮೊದಲು ನೆನಪಾದದ್ದು ಅಜ್ಜ. ಅವನು ಬದುಕಿದ್ದರೆ ಓದಿ ಹೇಳುತ್ತಿದ್ದೆ.

ಆಮೇಲೆ ಹಳೆಯದೊಂದು ಆಕ್ಷೇಪ. ಪಂಚಾಶತ್ತಮದ ದಿನ ಯೆರೂಸಲೇಮಿನಲ್ಲಿ ಸುಮಾರು ಮೂರು ಸಾವಿರ ಜನ ದೀಕ್ಷಾಸ್ನಾನ ಹೊಂದಿದರೆಂದಿದೆ. ಅಷ್ಟು ಜನರನ್ನು ಒಂದೇ ದಿನದಲ್ಲಿ ಮುಳುಗಿಸಿ ಎತ್ತಲು ಆಗುತ್ತದೆಯೇ? ಇದಕ್ಕೆ ಉತ್ತರ ನಮ್ಮ ನೆರೆಯ ತೆಲುಗು ಸೀಮೆಯಲ್ಲಿದೆ. 1878ರ ಜುಲೈ 3ರಂದು, ಒಂಗೋಲಿನ ಕಡೆ, ಗುಂಡ್ಲಕಮ್ಮ ಹೊಳೆಯಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನ ಬೋಧಕರು ಒಂದೇ ದಿನ 2,222 ಜನರಿಗೆ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರು. ಒಂದು ಹೊತ್ತಿಗೆ ಇಬ್ಬರೇ ನೀರಿನಲ್ಲಿ ನಿಂತು, ದಣಿದಾಗ ಬೇರೆ ಇಬ್ಬರಿಗೆ ಬಿಟ್ಟುಕೊಡುತ್ತ ಸಂಜೆಗೆ ಮುಗಿಸಿದರು. ಇದರ ಹಿಂದಿನದನ್ನು ಹೇಳದೆ ಬರೀ ಸಂಖ್ಯೆ ಹೇಳುವುದು ನ್ಯಾಯವಲ್ಲ. 1876ರಿಂದ 78ರ ದೊಡ್ಡ ಬರದಲ್ಲಿ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ತೋಡುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟಿದ್ದರು. ಬಂದವರಲ್ಲಿ ಹೆಚ್ಚಿನವರು ಮಾದಿಗರು. ಅನ್ನಕ್ಕಾಗಿ ಬಂದವರೆಂಬ ಮಾತು ಬರಬಾರದೆಂದು ಬರದ ತಿಂಗಳುಗಳಲ್ಲಿ ಕ್ಲೌ ಯಾರಿಗೂ ದೀಕ್ಷಾಸ್ನಾನ ಕೊಡದೆ ತಡೆದಿದ್ದರು. ಊರ ಬಾವಿಯ ನೀರು ಮುಟ್ಟಲು ಬಿಡದ ಜನರನ್ನು ಆ ದಿನ ಒಂದು ಇಡೀ ಹೊಳೆ ಒಳಗೆ ಕರೆದುಕೊಂಡಿತು. ನೀರಿನ ಪ್ರಮಾಣದ ವಾದಕ್ಕಿಂತ ಇದು ನನಗೆ ದೊಡ್ಡದಾಗಿ ಕಂಡಿತು. ಆದರೂ ಹುಡುಕಾಟ ಬಿಡಲಿಲ್ಲ.

ನಿಘಂಟು ತೀರ್ಪು ಕೊಡದಿದ್ದಾಗ ಅನುವಾದಕರ ಕಡೆ ತಿರುಗಿದೆ. ಕನ್ನಡಕ್ಕೆ ‘ದೀಕ್ಷಾಸ್ನಾನ’ ಎಂಬ ಪದ ಬಂದದ್ದೇ ಒಂದು ಸೋಜಿಗ. ತೆಲುಗರು ಗ್ರೀಕ್ ಪದವನ್ನೇ ಬಾಪ್ತಿಸ್ಮಮು ಎಂದು ಉಳಿಸಿಕೊಂಡರು. ತಮಿಳರಲ್ಲಿ ಜ್ಞಾನಸ್ನಾನವಿದೆ, ಮಲಯಾಳಿಗಳು ಸ್ನಾನ ಎನ್ನುತ್ತಾರೆ. ಕನ್ನಡದ ಬೇರೆ ಬೇರೆ ಬೈಬಲುಗಳಲ್ಲಿ ದೀಕ್ಷಾಸ್ನಾನವೂ ಇದೆ, ಬಾಪ್ತಿಸ್ಮವೂ ಇದೆ. ಈ ಪದಗಳು ಒಂದೊಂದೂ ಒಂದೊಂದು ಪಕ್ಷದ ತೀರ್ಮಾನ. ಗ್ರೀಕ್ ಪದವನ್ನು ಹಾಗೆಯೇ ಉಳಿಸಿದರೆ ಓದುವವನಿಗೆ ಅರ್ಥ ಗೊತ್ತಾಗುವುದಿಲ್ಲ, ಪಾದ್ರಿ ಮಾಡಿ ತೋರಿಸಿದ್ದೇ ಅದರ ಅರ್ಥವಾಗುತ್ತದೆ. ಅನುವಾದಿಸಿದರೆ ಅರ್ಥ ಓದುವವನ ಕೈಗೆ ಬರುತ್ತದೆ, ಆದರೆ ಅನುವಾದಕನ ಪಂಥವೂ ಅದರ ಜೊತೆಗೇ ಬರುತ್ತದೆ.

ಇಂಡಿಯಾದಲ್ಲಿ ಈ ವಿಚಾರ ಹೊತ್ತಿಕೊಂಡದ್ದು ಶ್ರೀರಾಮಪುರದಲ್ಲಿ, ಕಲ್ಕತ್ತೆಯ ಮೇಲ್ಗಡೆ ಹೂಗ್ಲಿ ನದಿಯ ದಂಡೆಯ ಮೇಲಿನ ಆಗಿನ ಡೇನರ ಪಟ್ಟಣದಲ್ಲಿ. ಅಲ್ಲಿ ಸಿಗುವ ಮುಖ್ಯ ಮನುಷ್ಯ ವಿಲಿಯಂ ಕೇರಿ. 1761ರಲ್ಲಿ ನಾರ್ಥಾಂಪ್ಟನ್‌ಶೈರಿನ ಹಳ್ಳಿಯಲ್ಲಿ ಹುಟ್ಟಿ ಚಪ್ಪಲಿ ಹೊಲಿಯುವ ಕೆಲಸ ಕಲಿತವನು. ಮಗುವಾಗಿದ್ದಾಗ ಇಂಗ್ಲೆಂಡಿನ ಸರ್ಕಾರಿ ಸಭೆಯಲ್ಲಿ ದೀಕ್ಷಾಸ್ನಾನವಾಗಿದ್ದ ಅವನು 1783ರ ಅಕ್ಟೋಬರ್ 5ರಂದು ನೆನ್ ಹೊಳೆಯಲ್ಲಿ ಮುಳುಗಿ ಬ್ಯಾಪ್ಟಿಸ್ಟನಾದ. ಅಂದರೆ ಅವನದೂ ಆಯಿಯ ಕಥೆಯೇ. 1793ರಲ್ಲಿ ಬಂಗಾಳಕ್ಕೆ ಬಂದು, ಏಳು ವರ್ಷ ಒಬ್ಬನೇ ಒಬ್ಬ ಬಂಗಾಳಿಯೂ ತನ್ನ ಮಾತಿಗೆ ಒಲಿಯದಿದ್ದರೂ ನಿಂತ. 1800ರ ಡಿಸೆಂಬರ್ 28ರಂದು ಬಡಗಿ ಕೃಷ್ಣಪಾಲನನ್ನೂ ತನ್ನ ಮಗ ಫೆಲಿಕ್ಸನನ್ನೂ ಹೂಗ್ಲಿಗೆ ಇಳಿಸಿ ದೀಕ್ಷಾಸ್ನಾನ ಕೊಟ್ಟ. ಅದೇ ಹೊತ್ತಿನಲ್ಲಿ ಅವನ ಹೆಂಡತಿ ಡೊರೊಥಿ ಬುದ್ಧಿಭ್ರಮಣೆಯಿಂದ ಕೋಣೆಯೊಂದರಲ್ಲಿ ಕೂಗುತ್ತಿದ್ದಳು. ಮಿಷನ್ನಿನ ಚರಿತ್ರೆ ಬರೆಯುವವರು ಮೊದಲ ಸಂಗತಿಯನ್ನು ಹಿಗ್ಗಿಸಿ ಎರಡನೆಯದನ್ನು ಕುಗ್ಗಿಸುತ್ತಾರೆ. ನನಗೆ ಎರಡೂ ಒಂದೇ ದಿನದ ದಾಖಲೆ.

ಕೇರಿಯ ಕಡತಗಳಲ್ಲಿ ನಾನು ಹುಡುಕುತ್ತಿದ್ದದ್ದು ಕನ್ನಡ. ಸಿಕ್ಕಿತು, ಬೂದಿಯಲ್ಲಿ. 1812ರ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದದ ರಾಶಿಯಲ್ಲಿ ಹತ್ತಿದ ಕಿಚ್ಚು ರಾತ್ರಿಯೆಲ್ಲ ಉರಿಯಿತು. ಹಲವು ಪೂರ್ವದೇಶದ ಲಿಪಿಗಳ ಅಚ್ಚುಮೊಳೆ ಕರಗಿ ಗಟ್ಟಿಯಾಯಿತು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕೇರಿಯ ತೆಲುಗು ವ್ಯಾಕರಣವಿತ್ತು, ಸಂಸ್ಕೃತ ಮತ್ತು ಅದರ ಸೋದರ ಭಾಷೆಗಳ ನಿಘಂಟಿತ್ತು, ರಾಮಾಯಣದ ಅನುವಾದದ ಒಂದು ವರ್ಷದ ದುಡಿಮೆಯಿತ್ತು, ಜೊತೆಗೆ ಕನ್ನಡದ ಇಡೀ ಹೊಸ ಒಡಂಬಡಿಕೆ ಇತ್ತು. ಜೀವನಚರಿತ್ರೆಯ ನಷ್ಟದ ಪಟ್ಟಿಯಲ್ಲಿ ಆ ಒಂದು ಮಾತನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಕರ್ನಾಟಕಕ್ಕೆ ಎಂದೂ ಕಾಲಿಡದ ಮನುಷ್ಯ, ಬಂಗಾಳದಲ್ಲಿ ಕುಳಿತು, ಪಂಡಿತರಿಂದ ಕಲಿತ ಕನ್ನಡದಲ್ಲಿ ಬರೆದದ್ದು. ಒಂದು ರಾತ್ರಿಯಲ್ಲಿ ಹೋಯಿತು.

ಅಚ್ಚಿನ ಪಡಿಯಚ್ಚುಗಳು ಬೂದಿಯಡಿ ಕೆಡದೆ ಸಿಕ್ಕವು. ಕರಗಿದ ಲೋಹವನ್ನೇ ಮತ್ತೆ ಎರಕ ಹೊಯ್ದು ಕೆಲವೇ ವಾರಗಳಲ್ಲಿ ಕೆಲಸ ಸುರುಮಾಡಿದರು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಲ್ಲಿಂದಲೇ ಹೊರಬಂತು. ಅದರ ಸ್ಕ್ಯಾನ್ ಪ್ರತಿಯ ಮುಖಪುಟದಲ್ಲಿ ನಮ್ಮ ನುಡಿಯನ್ನು ‘ಕರ್ನಾಟ’ ಭಾಷೆ ಎಂದಿದೆ. ಸುಟ್ಟ ಹೊಸ ಒಡಂಬಡಿಕೆಯನ್ನು ಮತ್ತೆ ಮೊದಲಿನಿಂದ ಬರೆದು 1820ರ ದಶಕದಲ್ಲಿ ಅಚ್ಚು ಹಾಕಿಸಿದ. ಅಷ್ಟರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಜನರ ನಡುವೆಯೇ ಇದ್ದು ಕನ್ನಡ ಬೈಬಲಿನ ಕೆಲಸ ನಡೆಸಿದ್ದ. ಮುಂದಿನ ಕನ್ನಡ ಬೈಬಲು ಬೆಳೆದದ್ದು ಈ ಬಳ್ಳಾರಿಯ ಬೇರಿನಿಂದ. ಬಳ್ಳಾರಿಯವರು ಕೂಸುಗಳಿಗೂ ದೀಕ್ಷಾಸ್ನಾನ ಕೊಡುವ ಪಂಥದವರು. ಶ್ರೀರಾಮಪುರದವರು ಕೊಡದವರು. ಕನ್ನಡದ ಒಂದೇ ಗ್ರಂಥಕ್ಕೆ ಎರಡು ದಂಡೆಗಳಿಂದ ಕೈಗಳು ಚಾಚಿದ್ದವು.

ಬೆಂಕಿ ಬಿದ್ದ ಮೂರು ತಿಂಗಳಿಗೆ ಕಲ್ಕತ್ತೆಗೆ ಒಂದು ಹಡಗು ಬಂತು. ಅದರಲ್ಲಿ ಅಮೆರಿಕದ ಆಡೊನಿರಾಮ್ ಜಡ್ಸನ್ ಮತ್ತು ಹೆಂಡತಿ ಆನ್ ಇದ್ದರು. ಅವರನ್ನು ಕಳಿಸಿದ ಸಂಸ್ಥೆ ಕೂಸುಗಳಿಗೆ ನೀರು ಹಾಕುವ ಸಭೆಗಳದು. ಶ್ರೀರಾಮಪುರದ ಬ್ಯಾಪ್ಟಿಸ್ಟರ ಎದುರು ತನ್ನ ಪಂಥವನ್ನು ಸಮರ್ಥಿಸಿಕೊಳ್ಳಬೇಕಾದೀತೆಂದು ಜಡ್ಸನ್ ನಾಲ್ಕು ತಿಂಗಳ ಪಯಣದಲ್ಲಿ ಗ್ರೀಕ್ ಹೊಸ ಒಡಂಬಡಿಕೆ ತೆರೆದು ಕುಳಿತ. ಸಮರ್ಥನೆ ಹುಡುಕುತ್ತ ಹೋದವನಿಗೆ ಸಂಶಯ ಹುಟ್ಟಿತು. ನೀನು ಬ್ಯಾಪ್ಟಿಸ್ಟನಾದರೂ ನಾನು ಆಗುವುದಿಲ್ಲವೆಂದು ಆನ್ ಹಟ ಹಿಡಿದಳು. ಕೊನೆಗೆ ಅವಳೂ ಓದಿದಳು, ಅವಳಿಗೂ ಹಾಗೆಯೇ ಕಂಡಿತು. 1812ರ ಸೆಪ್ಟೆಂಬರ್ 6ರಂದು ಕಲ್ಕತ್ತೆಯ ಲಾಲ್ ಬಜಾರ್ ಚಾಪೆಲ್ಲಿನಲ್ಲಿ ಕೇರಿಯ ಜೊತೆಗಾರ ವಿಲಿಯಂ ವಾರ್ಡ್ ಇಬ್ಬರನ್ನೂ ಮುಳುಗಿಸಿದ. ಅದರೊಂದಿಗೆ ಕಳಿಸಿದ ಸಂಸ್ಥೆಯ ಸಂಬಳ ಹೋಯಿತು, ಊರಿನ ಗೆಳೆಯರು ದೂರವಾದರು. ಮುಂದೆ ಬರ್ಮಾಕ್ಕೆ ಹೋಗಿ 1834ರಲ್ಲಿ ಬರ್ಮೀ ಬೈಬಲನ್ನು ಮುಗಿಸಿದವನು ಈ ಜಡ್ಸನ್ನನೇ.

ಗ್ರಂಥ ಓದುತ್ತ ಕುಳಿತವನು ತನ್ನ ಅನ್ನ ಕೊಡುವವರ ವಿರುದ್ಧದ ತೀರ್ಮಾನಕ್ಕೆ ಬರುವುದು, ಬಂದ ಮೇಲೆ ಅದರಂತೆ ನಡೆಯುವುದು. ಬ್ಯಾಪ್ಟಿಸ್ಟರ ಬೈಬಲ್ ವ್ಯಾಖ್ಯಾನದ ಬಗ್ಗೆ ನಾನು ಓದಿದ ಯಾವ ಸಿದ್ಧಾಂತಗ್ರಂಥಕ್ಕಿಂತಲೂ ಈ ಹಡಗಿನ ಪ್ರಕರಣ ನನಗೆ ಹೆಚ್ಚು ತಿಳಿಸಿತು.

ಅನುವಾದದ ಪದದ ಜಗಳ ದಾಖಲೆಗೆ ಬಂದದ್ದು ಇಪ್ಪತ್ತು ವರ್ಷದ ನಂತರ. ಕಲ್ಕತ್ತೆಯ ಬ್ಯಾಪ್ಟಿಸ್ಟ್ ವಿದ್ವಾಂಸ ವಿಲಿಯಂ ಯೇಟ್ಸ್ ಬಂಗಾಳಿ ಹೊಸ ಒಡಂಬಡಿಕೆಯನ್ನು ಹೊಸದಾಗಿ ಅನುವಾದಿಸಿ, ಬಾಪ್ಟಿಜೋ ಬಂದ ಕಡೆಗಳಲ್ಲಿ ಮುಳುಗಿಸುವ ಅರ್ಥದ ಬಂಗಾಳಿ ಮಾತನ್ನೇ ಇಟ್ಟ. ಬೇರೆ ಪಂಥದ ಮಿಷನರಿಗಳು ದೂರಿದರು. ಎಲ್ಲ ಸಭೆಗಳಿಗೂ ಒಪ್ಪಿಗೆಯಾಗುವ ಪದವಿಟ್ಟರೆ ಮಾತ್ರ ಹಣ ಎಂದು 1833ರಲ್ಲಿ ಲಂಡನ್ನಿನ ಬೈಬಲ್ ಸೊಸೈಟಿ ಹೇಳಿತು. ಅಮೆರಿಕನ್ ಬೈಬಲ್ ಸೊಸೈಟಿಯೂ 1836ರಲ್ಲಿ ಅಂಥದೇ ನಿರ್ಣಯ ಮಾಡಿತು. ಬ್ಯಾಪ್ಟಿಸ್ಟರು ಎರಡೂ ಕಡೆ ಹೊರಬಂದು ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಅಮೆರಿಕದ್ದು ಆಗಲೇ ಹುಟ್ಟಿತು, ಲಂಡನ್ನಿನದು 1840ರಲ್ಲಿ.

ಎರಡೂ ಪಕ್ಷದ ವಾದಗಳನ್ನು ಓದಿದಾಗ ಯಾರನ್ನೂ ತಳ್ಳಿಹಾಕಲು ಮನಸ್ಸು ಬರಲಿಲ್ಲ. ಎಲ್ಲ ಸಭೆಗಳೂ ಕೈಗೆತ್ತಿಕೊಳ್ಳುವ ಒಂದೇ ಬೈಬಲ್ ಇರಲಿ ಎಂಬುದು ಸೊಸೈಟಿಯ ಆಸೆ, ಅದು ಒಳ್ಳೆಯ ಆಸೆ. ಉಳಿದೆಲ್ಲ ಪದಗಳನ್ನೂ ಬಂಗಾಳಿಗೆ ಅರ್ಥವಾಗುವಂತೆ ಮಾಡಿ ಇದೊಂದನ್ನೇ ಮುಚ್ಚಿಡುವುದೇಕೆ ಎಂಬುದು ಯೇಟ್ಸನ ಪಕ್ಷದ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರವನ್ನು ನಾನು ಎಲ್ಲೂ ಓದಲಿಲ್ಲ. 1611ರ ಇಂಗ್ಲಿಷ್ ಬೈಬಲಿನ ಅನುವಾದಕರಿಗೂ ಸಭೆಯ ಹಳೆಯ ಪದಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬ ನಿಯಮವಿತ್ತು. ಜರ್ಮನಿಯಲ್ಲಿ ಲೂಥರ್ ಬಳಸಿದ್ದು ಅದ್ದುವುದೆಂಬ ಮೂಲಾರ್ಥದ ಮನೆಮಾತನ್ನೇ. ಅದನ್ನು ಬಳಸಿಯೂ ಅವನ ಸಭೆ ಕೂಸುಗಳ ತಲೆಗೆ ನೀರು ಹಾಕುವ ಪದ್ಧತಿಗೆ ನಿಂತಿತು. ಪದ ಒಂದು ದಾರಿ ಹಿಡಿದರೆ ನಡವಳಿಕೆ ಇನ್ನೊಂದು ಹಿಡಿಯಬಲ್ಲದು.

ಇಲ್ಲಿಯವರೆಗೆ ಒಂದು ಮಾತನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದೆ. ಬ್ಯಾಪ್ಟಿಸ್ಟರು ಹುಟ್ಟಿದಾಗಿನಿಂದ ಮುಳುಗಿಸುವವರೇ ಎಂಬುದು. ಆ ಮಾತನ್ನು ಅಲುಗಿಸಿದವನು ವಿಲಿಯಂ ವಿಟ್ಸಿಟ್.

ವಿಟ್ಸಿಟ್ ಅಮೆರಿಕದ ಲೂಯಿವಿಲ್‌ನಲ್ಲಿದ್ದ ದಕ್ಷಿಣ ಬ್ಯಾಪ್ಟಿಸ್ಟರ ಸೆಮಿನರಿಯಲ್ಲಿ ಸಭಾಚರಿತ್ರೆ ಕಲಿಸುತ್ತಿದ್ದ. ಅವನ ಕಾಲದಲ್ಲಿ ಅಲ್ಲಿನ ಬಹಳ ಜನ, ತಮ್ಮ ಸಭೆ ಯೊರ್ದನ್ನಿನ ಯೋಹಾನನ ಕಾಲದಿಂದ ಒಂದು ದಿನವೂ ಕಡಿಯದೆ ಬಂದಿದೆ, ಎಲ್ಲ ಕಾಲದಲ್ಲೂ ಮುಳುಗಿಸುತ್ತಲೇ ಬಂದಿದೆ ಎಂದು ನಂಬಿದ್ದರು. 1880ರಲ್ಲಿ ವಿಟ್ಸಿಟ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಹಳೆಯ ಕರಪತ್ರಗಳನ್ನು ಓದಲು ಕುಳಿತ. ಆಗ ಅಲ್ಲಿ ಜಾರ್ಜ್ ಥಾಮಸನ್ ಎಂಬ ಪುಸ್ತಕ ವ್ಯಾಪಾರಿಯ ಸಂಗ್ರಹವಿತ್ತು. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ, 1640ರಿಂದ 1661ರವರೆಗೆ, ಬೀದಿಗೆ ಬಂದ ಸುಮಾರು 22,000 ಕರಪತ್ರ, ಪುಸ್ತಕಗಳನ್ನು ಅವನು ಕೂಡಿಟ್ಟಿದ್ದ. ಎಷ್ಟೋ ಮುಖಪುಟಗಳ ಮೇಲೆ ಅದು ಕೈಗೆ ಬಂದ ದಿನಾಂಕವನ್ನೂ ಬರೆದಿಟ್ಟಿದ್ದ. ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ. 1641ರ ಸುಮಾರಿನ ನಂತರ ಮುಳುಗಿಸುವವರ ಪರವಾಗಿ, ವಿರೋಧವಾಗಿ ಕರಪತ್ರಗಳ ಮಳೆಯೇ ಸುರಿಯುತ್ತದೆ. 1642ರಲ್ಲಿ ಎಡ್ವರ್ಡ್ ಬಾರ್ಬರ್ ಪರವಾಗಿ ಬರೆದ, 1645ರಲ್ಲಿ ಡೇನಿಯಲ್ ಫೀಟ್ಲಿ ಲೇವಡಿ ಮಾಡಿ ಬರೆದ. ಅದಕ್ಕೆ ಹಿಂದೆ ಇಂಗ್ಲಿಷ್ ಬ್ಯಾಪ್ಟಿಸ್ಟರಲ್ಲಿ ಈ ಸದ್ದೇ ಇಲ್ಲ.

ವಿಟ್ಸಿಟ್‌ಗೆ ಸಿಕ್ಕ ಇನ್ನೊಂದು ಆಧಾರ ಕಿಫಿನ್ ಹಸ್ತಪ್ರತಿ. ಅದರ ಮೂಲ ಕಳೆದುಹೋಗಿದೆ, 18ನೆಯ ಶತಮಾನದ ನಕಲಿನ ದಾರಿಯಿಂದ ಬಂದದ್ದು ಮಾತ್ರ ಇದೆ. ವಿರೋಧಿಗಳು ಹಿಡಿದದ್ದು ಅದನ್ನೇ. ಅದು ಹೇಳುವ ಕಥೆ ಹೀಗೆ. 1640ರಲ್ಲಿ ಲಂಡನ್ನಿನ ಕೆಲವು ವಿಶ್ವಾಸಿಗಳಿಗೆ ಪೌಲನ ಪತ್ರಗಳಲ್ಲಿನ ಹೂಣಿಡುವಿಕೆಯ ಹೋಲಿಕೆಯನ್ನು ಓದಿ, ಮೈಯೆಲ್ಲ ನೀರಿನಲ್ಲಿ ಅದ್ದುವುದೇ ಸರಿ ಎಂದು ಮನವರಿಕೆಯಾಯಿತು. ಇಂಗ್ಲೆಂಡಿನಲ್ಲಿ ಹಾಗೆ ಮಾಡುವವರು ಯಾರೂ ಇರಲಿಲ್ಲ. ಹಾಲೆಂಡಿನಲ್ಲಿ ಇದ್ದಾರೆಂದು ಕೇಳಿ, ಡಚ್ ಬಲ್ಲ ರಿಚರ್ಡ್ ಬ್ಲಂಟ್ ಎಂಬವನನ್ನು ಅಲ್ಲಿಗೆ ಕಳಿಸಿದರು. ಅವನು ಮರಳಿ ಬಂದ ಮೇಲೆ ಒಬ್ಬರಿಗೊಬ್ಬರು ಕೊಟ್ಟು ಐವತ್ತಕ್ಕೂ ಹೆಚ್ಚು ಜನ ಮುಳುಗಿ ದೀಕ್ಷಾಸ್ನಾನ ಹೊಂದಿದರು. 1644ರಲ್ಲಿ ಲಂಡನ್ನಿನ ಏಳು ಸಭೆಗಳು ಒಟ್ಟಾಗಿ ಪ್ರಕಟಿಸಿದ ವಿಶ್ವಾಸಪ್ರಕಟನೆಯ 40ನೆಯ ಕಲಮಿನಲ್ಲಿ ಮೊಟ್ಟಮೊದಲಿಗೆ ಇದು ಸಭೆಗಳ ವಿಧಿಯಾಗಿ ಬರಹದಲ್ಲಿ ನಿಂತಿತು. ಕೊಡುವವರೂ ತೆಗೆದುಕೊಳ್ಳುವವರೂ ತಕ್ಕ ಬಟ್ಟೆ ತೊಟ್ಟು ಮರ್ಯಾದೆಯಿಂದಿರಬೇಕೆಂದು ಅಲ್ಲಿ ಒಂದು ಟಿಪ್ಪಣಿಯೂ ಇದೆ. ಬೆತ್ತಲೆ ಮಾಡಿ ಮುಳುಗಿಸುತ್ತಾರೆಂಬ ಅಪಪ್ರಚಾರಕ್ಕೆ ಕೊಟ್ಟ ಉತ್ತರ ಅದು. ದಂಡೆಯ ಮೇಲೆ ನಾನು ಹಿಡಿದಿದ್ದ ಒಣ ಸೀರೆ ಆ ಟಿಪ್ಪಣಿ ಓದುವಾಗ ನೆನಪಾಗದೆ ಇರಲಿಲ್ಲ.

ವಿಟ್ಸಿಟ್ ಇದನ್ನೆಲ್ಲ 1896ರಲ್ಲಿ ಪುಸ್ತಕ ಮಾಡಿದ. ಆಗ ಅವನು ಸೆಮಿನರಿಯ ಅಧ್ಯಕ್ಷನೂ ಹೌದು. ಪತ್ರಿಕೆಗಳು ಮೇಲೆ ಬಿದ್ದವು, ರಾಜ್ಯಮಟ್ಟದ ಬ್ಯಾಪ್ಟಿಸ್ಟ್ ಸಮಾವೇಶಗಳು ಅವನ ವಿರುದ್ಧ ನಿರ್ಣಯ ಮಾಡಿದವು. ಮುಳುಗಿಸುವುದು ತಪ್ಪೆಂದು ಅವನೆಲ್ಲೂ ಹೇಳಿರಲಿಲ್ಲ, ಬದುಕಿದ್ದಷ್ಟು ದಿನವೂ ಅವನು ಅದನ್ನೇ ನಂಬಿದ ಬ್ಯಾಪ್ಟಿಸ್ಟ್. ಹೇಳಿದ್ದು 1641 ಎಂಬ ಒಂದು ದಿನಾಂಕವನ್ನು ಮಾತ್ರ. ಅದಕ್ಕಾಗಿ 1899ರಲ್ಲಿ ಹುದ್ದೆ ಬಿಟ್ಟು ಹೋಗಬೇಕಾಯಿತು. ಮುಂದಿನ ಪೀಳಿಗೆಗಳ ಬ್ಯಾಪ್ಟಿಸ್ಟ್ ಚರಿತ್ರಕಾರರಲ್ಲಿ ಹೆಚ್ಚಿನವರು ಒಪ್ಪಿಕೊಂಡದ್ದು ಅವನ ಆ ದಿನಾಂಕವನ್ನೇ.

ಹಾಗಾದರೆ 1641ಕ್ಕೆ ಮುಂಚಿನ ಬ್ಯಾಪ್ಟಿಸ್ಟರು ಏನು ಮಾಡುತ್ತಿದ್ದರು? ಇಲ್ಲಿಗೆ ಬಂದಾಗಲೇ ನನ್ನ ಹುಡುಕಾಟ ದಾರಿ ಬದಲಿಸಿದ್ದು.

ಜಾನ್ ಸ್ಮಿತ್ ಇಂಗ್ಲೆಂಡಿನಿಂದ ಓಡಿಹೋಗಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದ ಪಾದ್ರಿ. ಹೊಸ ಒಡಂಬಡಿಕೆಯನ್ನು ಓದುತ್ತ ಓದುತ್ತ, ತಿಳಿವಳಿಕೆ ಬಂದು ಪಶ್ಚಾತ್ತಾಪಪಟ್ಟು ನಂಬಿದವನಿಗೆ ಮಾತ್ರ ದೀಕ್ಷಾಸ್ನಾನ ಎಂದು ಅವನಿಗೆ ಕಂಡಿತು. ಕೂಸಿಗೆ ಕೊಟ್ಟದ್ದು ದೀಕ್ಷಾಸ್ನಾನವೇ ಅಲ್ಲದಿದ್ದರೆ ತನಗೆ ಕೊಡಬಲ್ಲವರು ಯಾರು? 1609ರಲ್ಲಿ ಅವನು ತನಗೆ ತಾನೇ ಕೊಟ್ಟುಕೊಂಡ, ಆಮೇಲೆ ಜೊತೆಗಾರ ಥಾಮಸ್ ಹೆಲ್ವಿಸ್‌ಗೆ, ಉಳಿದವರಿಗೆ. ಬ್ಯಾಪ್ಟಿಸ್ಟ್ ಎಂಬ ವಂಶ ಸುರುವಾದದ್ದು ಅಲ್ಲಿ. ಅವನು ಮುಳುಗಲಿಲ್ಲ, ತಲೆಯ ಮೇಲೆ ನೀರು ಸುರಿದುಕೊಂಡ. ಅವನ ಗುಂಪು ಮುಂದೆ ಅಲ್ಲಿನ ಮೆನ್ನೊನೈಟ್ ಪಂಥದವರನ್ನು ಸೇರಲು ಹೋದಾಗ ಅವರು ವಿಚಾರಿಸಿ ನೋಡಿ, ಇವರ ರೀತಿಗೂ ತಮ್ಮ ರೀತಿಗೂ ವ್ಯತ್ಯಾಸ ಕಾಣಲಿಲ್ಲ ಎಂದರು. ಆ ಮೆನ್ನೊನೈಟರು ಸುರಿಯುವವರು.

ಇದನ್ನು ತಿಳಿದ ದಿನ ನಾನು ಬಹಳ ಹೊತ್ತು ಮುಂದಕ್ಕೆ ಓದಲಿಲ್ಲ. ಮೊದಲ ಬ್ಯಾಪ್ಟಿಸ್ಟನ ತಲೆಯ ಮೇಲೆ ಬಿದ್ದ ನೀರು ಅಜ್ಜನ ಸಭೆಯ ಪಾದ್ರಿ ಹಚ್ಚಿದ್ದಕ್ಕಿಂತ ಬಹಳ ಹೆಚ್ಚೇನಲ್ಲ. ಆದರೂ ಅದಕ್ಕಾಗಿ ಅವನು ದೇಶ, ಪದವಿ, ಹಳೆಯ ಗೆಳೆತನ ಎಲ್ಲ ಬಿಟ್ಟಿದ್ದ. ಅವನ ಪ್ರಶ್ನೆ ನೀರೆಷ್ಟು ಎಂಬುದಾಗಿರಲಿಲ್ಲ. ಯಾರಿಗೆ ಎಂಬುದಾಗಿತ್ತು. ಒಬ್ಬನ ಪರವಾಗಿ ಇನ್ನೊಬ್ಬ ನಂಬಬಹುದೇ? ಅಪ್ಪ ಮಗುವಿನ ಪರವಾಗಿ, ಅರಸ ಪ್ರಜೆಯ ಪರವಾಗಿ?

ಹೆಲ್ವಿಸ್ ಅದನ್ನು ಕೊನೆಯ ತನಕ ಎಳೆದುಕೊಂಡು ಹೋದ. ಸ್ಮಿತ್ ಮೆನ್ನೊನೈಟರ ಕಡೆ ವಾಲಿದಾಗ ಅವನಿಂದ ಬೇರೆಯಾಗಿ, ಹಿಡಿಯಷ್ಟು ಜನರೊಂದಿಗೆ ಸುಮಾರು 1612ರಲ್ಲಿ ಲಂಡನ್ನಿಗೆ ಮರಳಿ, ನಗರದ ಗೋಡೆಯಾಚೆ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಭೆ ಸೇರಿಸಿದ. ಇಂಗ್ಲಿಷ್ ನೆಲದ ಮೊದಲ ಬ್ಯಾಪ್ಟಿಸ್ಟ್ ಸಭೆ ಅದು. ಮನುಷ್ಯನಿಗೂ ದೇವರಿಗೂ ನಡುವಿನ ನಂಬಿಕೆಯ ವಿಷಯದಲ್ಲಿ ಅರಸನು ಕೈ ಹಾಕುವಂತಿಲ್ಲ, ಪಾಷಂಡಿಯಾಗಲಿ ತುರ್ಕನಾಗಲಿ ಯೆಹೂದ್ಯನಾಗಲಿ ಅವನನ್ನು ದಂಡಿಸುವಂತಿಲ್ಲ ಎಂದು ಪುಸ್ತಕ ಬರೆದ. ಒಂದು ಪ್ರತಿಯಲ್ಲಿ, ಅರಸನೂ ಸಾಯುವ ಮನುಷ್ಯನೇ ಹೊರತು ದೇವರಲ್ಲ ಎಂಬ ಅರ್ಥದ ಮಾತನ್ನು ಒಂದನೆಯ ಜೇಮ್ಸ್‌ಗೆ ಕೈಬರಹದಲ್ಲೇ ಬರೆದ. ಆ ಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಹೆಲ್ವಿಸನನ್ನು ನ್ಯೂಗೇಟ್ ಸೆರೆಮನೆಗೆ ಹಾಕಿದರು, 1616ರ ಹೊತ್ತಿಗೆ ಅವನು ಬದುಕಿರಲಿಲ್ಲ. ಅವನು ಜೀವ ತೆತ್ತ ವಿಷಯದಲ್ಲಿ ನೀರಿನ ಆಳದ ಮಾತೇ ಬರುವುದಿಲ್ಲ.

ಮುಳುಗುವುದು ಹಾಗಾದರೆ ಮುಖ್ಯವಲ್ಲವೇ? ನನಗೆ ಮುಖ್ಯವೇ. ಹೂಣಿಟ್ಟು ಏಳುವ ಆ ಚಿತ್ರ ಪೌಲನದು, ಅದನ್ನು ಮೈಯಿಂದ ಮಾಡಿ ತೋರಿಸುವುದಕ್ಕೆ ಇದಕ್ಕಿಂತ ಹೊಂದುವ ಕ್ರಮ ಇನ್ನೊಂದಿಲ್ಲ ಎಂದೇ ಈಗಲೂ ಅಂದುಕೊಂಡಿದ್ದೇನೆ. ಆದರೆ ಅದು ಎರಡನೆಯ ಪ್ರಶ್ನೆ, ಮೂವತ್ತು ವರ್ಷ ತಡವಾಗಿ ಬಂದ ಪ್ರಶ್ನೆ. ಇವತ್ತು ನಮ್ಮ ಕಡೆಯ ಎಷ್ಟೋ ಬೋಧನೆಗಳಲ್ಲಿ ಎರಡನೆಯದೇ ಮೊದಲನೆಯದಾಗಿದೆ. ಮುಳುಗಿಸುವ ಸಭೆಗಳಲ್ಲೂ ಹದಿಹರೆಯ ತಲುಪಿದ ಮಕ್ಕಳನ್ನು ಅಪ್ಪ ಅಮ್ಮ ಸಾಲಾಗಿ ನಿಲ್ಲಿಸಿ ತೊಟ್ಟಿಗೆ ಇಳಿಸುವುದನ್ನು ನೋಡಿದ್ದೇನೆ. ನೀರು ಕುತ್ತಿಗೆಯವರೆಗೆ ಬಂದಿರುತ್ತದೆ, ಕೇಳಿದವರು ಮಾತ್ರ ಮಕ್ಕಳಲ್ಲ. ಸ್ಮಿತ್ ಆ ಸಾಲನ್ನು ನೋಡಿದ್ದರೆ ನೀರನ್ನು ಅಳೆಯುತ್ತಿರಲಿಲ್ಲ, ಆ ಮಕ್ಕಳ ಜೊತೆ ಮಾತಾಡುತ್ತಿದ್ದ.

ಕನ್ನಡದ ಸ್ನಾನ ಎಂಬ ಪದದ ಒಳಗೆ ಏನಿದೆಯೆಂಬುದೂ ನನಗೆ ಆಗಲೇ ಹೊಳೆದದ್ದು. ನಮ್ಮ ಕಡೆ ಹೊಳೆಯಲ್ಲಿ ಸ್ನಾನವೆಂದರೆ ಮುಳುಗು ಹಾಕುವುದು. ಮನೆಯ ಬಚ್ಚಲಿನಲ್ಲಿ ಅದೇ ಸ್ನಾನ ತಂಬಿಗೆಯಿಂದ ಸುರಿದುಕೊಳ್ಳುವುದು, ಅದನ್ನು ‘ಎರಕೊಳ್ಳೋದು’ ಎನ್ನುತ್ತೇವೆ. ಕೂಸಿಗೆ ಮಾತ್ರ ಯಾವಾಗಲೂ ಎರೆಯುವುದೇ, ಕಾಲ ಮೇಲೆ ಮಲಗಿಸಿಕೊಂಡು. ತಾನಾಗಿ ಮುಳುಗುವುದು ನಡೆದು ಹೊಳೆಗೆ ಹೋಗಬಲ್ಲವರ ಕೆಲಸ. ಬಂಗಾಳಿಯಲ್ಲಿ ಸೊಸೈಟಿಗಳನ್ನೇ ಒಡೆದ ಜಗಳವನ್ನು ಕನ್ನಡದ ಸ್ನಾನ ತನ್ನ ಎರಡು ಕ್ರಿಯಾಪದಗಳಲ್ಲಿ ಒಟ್ಟಿಗೆ ಇರಿಸಿಕೊಂಡಿದೆ. ಅದಕ್ಕೆ ಜೋಡಿಸಿದ ದೀಕ್ಷೆ ಎಂಬ ಪದ ಮಾತ್ರ ಸುಮ್ಮನಿರುವುದಿಲ್ಲ. ದೀಕ್ಷೆ ವಹಿಸುವವನು ತಾನೇ ಒಂದು ಮಾತು ಕೊಡಬೇಕಾಗುತ್ತದೆ. ಜೈನರಿಗೂ ಲಿಂಗಾಯತರಿಗೂ ಹಳೆಯ ಪರಿಚಯದ ಪದ ಅದು. ಅದನ್ನು ಸ್ನಾನದ ಮುಂದೆ ಇಟ್ಟವರು ಯಾವ ಪಂಥದವರಾದರೂ ಸ್ಮಿತ್‌ನ ಪ್ರಶ್ನೆಯನ್ನು ಕನ್ನಡದೊಳಗೆ ತಂದಿಟ್ಟಿದ್ದಾರೆ.

ಆಯಿ ತೀರಿಕೊಂಡು ಬಹಳ ವರ್ಷವಾಯಿತು. ಆ ರಂಪದ ನಡುವೆ ಅವಳು ಒಂದೇ ಒಂದು ಸಲ ಬಾಯಿಬಿಟ್ಟಿದ್ದಳು, ಒಲೆಯ ಮುಂದೆ, ರೊಟ್ಟಿ ಬಡಿಯುತ್ತ. “ಮೊದಲನೇದು ನಮ್ಮಪ್ಪ ಮಾಡಿಸಿದ್ದು. ಅದು ಅವನ ನಂಬಿಗಿ. ನಾ ಅದನ್ನ ಸುಳ್ಳು ಅನ್ನಂಗಿಲ್ಲ. ಇದು ನಾ ಕೇಳಿ ತಗೊಂಡಿದ್ದು.” ಅಜ್ಜ ಮಾತಾಡದೆ ಎದ್ದು ಹೋದ. ನಾನು ಬಿಸಿ ರೊಟ್ಟಿ ತಿನ್ನುತ್ತ ಕುಳಿತಿದ್ದೆ, ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ನೀರಿನ ಗಲಾಟೆಯಲ್ಲಿ ಅದನ್ನು ಮರೆತು ಶ್ರೀರಾಮಪುರ, ಆಮ್‌ಸ್ಟರ್‌ಡ್ಯಾಮ್ ಎಲ್ಲ ಸುತ್ತಿದೆ.

ಅವಳ ಬೈಬಲಿನ ಆ ಹಾಳೆಯನ್ನು ಈಚೆಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ದಿನಾಂಕ ಇದೆ, ಹೊಳೆಯ ಹೆಸರಿದೆ, ಮುಂಜಾನೆ ಎಂದಿದೆ. ಕೆಳಗೆ ಪೆನ್ಸಿಲು ಒತ್ತಿ ಬರೆದ ಒಂದು ಸಹಿ, ಅರ್ಧ ಅಳಿಸಿಹೋಗಿದೆ. ಇಷ್ಟು ವರ್ಷ ಅದನ್ನು ಬೋಧಕರ ಸಹಿ ಎಂದುಕೊಂಡಿದ್ದೆ. ಅದು ಆಯಿಯದು.